ನಮ್ಮ ಮನೆಗೆ ಲೋಹಶೋಧಕ ಬಂದದ್ದು

ನನ್ನ ಹೆಂಡತಿ ಪದ್ಮಿನಿ ಯಾವ ವಸ್ತುವನ್ನಾದರೂ ಐದೇ ನಿಮಿಷದಲ್ಲಿ ಆರಿಸಿ ಮುಗಿಸುವವಳು. ಸೀರೆಯಾಗಲಿ, ಸೋಫಾ ಆಗಲಿ, ಸೌತೆಕಾಯಿಯಾಗಲಿ, ಅಷ್ಟೇ ಹೊತ್ತು. ಬಸವನಗುಡಿಯ ಅವರ ಮನೆಯ ಹಜಾರದಲ್ಲಿ ನಾನು ಒಂದು ತಟ್ಟೆ ಉಪ್ಪಿಟ್ಟು ಮುಗಿಸುವಷ್ಟರಲ್ಲಿ ಗಂಡನನ್ನೂ ಹಾಗೆಯೇ ಆರಿಸಿಬಿಟ್ಟಿದ್ದಳು. (ಅವಸರದಲ್ಲಿ ಆರಿಸಿದರೆ ಏನಾಗುತ್ತದೆ ಎಂಬುದಕ್ಕೆ ಅವಳು ಇಂದಿಗೂ ನನ್ನನ್ನೇ ಉದಾಹರಣೆಯಾಗಿ ತೋರಿಸುತ್ತಾಳೆ.)

ನಾನು ಹಾಗಲ್ಲ. ಹೆಸರು ರಮಾನಂದ, ವೃತ್ತಿಯಲ್ಲಿ ಎಂಜಿನಿಯರು. ಸ್ವೀಡನ್ನಿನ ವೆಸ್ಟೆರಾಸ್ ಎಂಬ ಊರಿನ ಕಂಪನಿಯೊಂದರಲ್ಲಿ ಟ್ರಾನ್ಸ್‌ಫಾರ್ಮರುಗಳನ್ನು ಪರೀಕ್ಷಿಸಿ, ಪಾಸೋ ಫೇಲೋ ಎಂದು ಹೇಳುವುದು ನನ್ನ ಕೆಲಸ. ಅಂಥವನು ಒಂದು ಛತ್ರಿ ಕೊಳ್ಳಬೇಕಾದರೂ ನಾಲ್ಕಾರು ಅಂಗಡಿ ಹತ್ತಿ ಇಳಿದು, ಕಡ್ಡಿ ಎಣಿಸಿ, ಗಾಳಿಗೆ ಹಿಡಿದು ನೋಡಿ, ವಿಚಾರ ಮಾಡಿಯೇ ಕೊಳ್ಳಬೇಕು. ಅಷ್ಟರಲ್ಲಿ ಮಳೆ ನಿಂತುಹೋದರೆ ಅದು ಮಳೆಯ ತಪ್ಪು.

ಇಂಥ ನಾನು ಐತಿಹಾಸಿಕ ನಿಧಿ ಹುಡುಕುವ ಲೋಹಶೋಧಕ ಯಂತ್ರವೊಂದನ್ನು ಆರಿಸಲು ಹೊರಟಿದ್ದೇ ಒಂದು ಗುಂಡಿಯಿಂದ.

ಎರಡು ಸಾವಿರದ ಆರರ ಶರತ್ಕಾಲ. ಊರಾಚೆ ಕಮ್ಯೂನಿನವರು, ಅಂದರೆ ಪುರಸಭೆಯವರು, ಬಾಡಿಗೆಗೆ ಕೊಡುವ ತೋಟದ ತುಂಡುಗಳಲ್ಲಿ ನಮ್ಮದೂ ಒಂದಿತ್ತು. ಬೇಸಗೆಯಲ್ಲಿ ಅಲ್ಲಿ ಮೆಂತ್ಯ, ಕೊತ್ತಂಬರಿ ಬೆಳೆಯುವುದು ಪದ್ಮಿನಿಯ ಕೆಲಸ. ಚಳಿ ಬೀಳುವ ಮೊದಲು ಗೊಬ್ಬರಕ್ಕೆ ಗುಂಡಿ ತೋಡುವುದು ನನ್ನದು. ಸೊಂಟ ಹಿಡಿದುಕೊಂಡು ತೋಡುತ್ತಿದ್ದಾಗ ಸಲಿಕೆಯ ತುದಿಯಲ್ಲಿ ಏನೋ ದುಂಡಗೆ ಹಸಿರಾಗಿ ಕಂಡಿತು. ಉಜ್ಜಿದೆ. ಹಿತ್ತಾಳೆ. ಮೇಲೆ ಕಿರೀಟದಂಥ ಗುರುತು. ಅಲ್ಲಿಂದಲೇ ಕೂಗಿದೆ.

"ಪದ್ಮೀ, ಸಿಕ್ತು! ಪ್ರಾಚೀನ ವಸ್ತು ಸಿಕ್ತು!"

"ಏನ್ರೀ ಅದು?" ಬೇಲಿಯ ಬದಿಯಿಂದ ಅವಳು ಕೇಳಿದಳು.

"ಗುಂಡಿ!"

"ಗುಂಡಿ ಹೇಗ್ರೀ ಪ್ರಾಚೀನ ಆಗತ್ತೆ? ಈಗ ತಾನೆ ನೀವೇ ತೋಡಿದ್ದಲ್ವಾ?"

"ಈ ಗುಂಡಿ ಅಲ್ಲ ಕಣೇ, ಅಂಗಿ ಗುಂಡಿ!"

"ನಿಮ್ಮ ನೀಲಿ ಶರ್ಟಿಂದೇ ಇರತ್ತೆ. ಜೇಬಲ್ಲಿ ಇಟ್ಕೊಳ್ಳಿ, ಮನೆಗೆ ಹೋಗಿ ಹೊಲೀತೀನಿ."

ಮರುದಿನ ಆಫೀಸಿನ ಫೀಕಾದಲ್ಲಿ, ಅಂದರೆ ಕಾಫಿ ಬನ್ನಿನ ನೆಪದಲ್ಲಿ ಎಲ್ಲರೂ ಒಟ್ಟಾಗಿ ಕೂರುವ ಆ ಪವಿತ್ರ ಗಳಿಗೆಯಲ್ಲಿ, ಗುಂಡಿಯನ್ನು ಹಿರಿಯ ಸಹೋದ್ಯೋಗಿ ಯೋರಾನ್ ಮುಂದಿಟ್ಟೆ. ಅವನು ಕನ್ನಡಕ ಏರಿಸಿ ನೋಡಿ, "ಹದಿನೆಂಟನೇ ಶತಮಾನದ ಸೈನಿಕನ ಕೋಟಿನದಿರಬಹುದು. ನಮ್ಮಜ್ಜನ ಪ್ಯಾಂಟಿನದೂ ಇರಬಹುದು" ಎಂದ.

ಇದರಲ್ಲಿ ಮೊದಲನೆಯ ವಾಕ್ಯವನ್ನು ಮಾತ್ರ ನಾನು ಮನೆಗೆ ಕೊಂಡೊಯ್ದೆ.

ನೀವೇ ಯೋಚಿಸಿ. ನಮ್ಮೂರಿನ ಅಂಚಿನಲ್ಲೇ ಅನುಂಡ್ಸ್‌ಹೋಗ್ ಎಂಬ ದೊಡ್ಡ ಸಮಾಧಿ ದಿಬ್ಬವಿದೆ. ಅದರ ಬುಡದಲ್ಲಿ ಹಡಗಿನ ಆಕಾರಕ್ಕೆ ನೆಟ್ಟ ಕಲ್ಲುಗಳು, ಪಕ್ಕದಲ್ಲಿ ಕೆತ್ತನೆಯ ಶಿಲೆ. ಇಂಥ ನೆಲದ ಮೇಲೆ ನಾನು ಇಷ್ಟು ವರ್ಷ ಆಫೀಸಿಗೆ ಸೈಕಲ್ ತುಳಿದುಕೊಂಡು ಓಡಾಡಿದ್ದೇನೆ. ಕೆಳಗೆ ವೈಕಿಂಗರ ಬೆಳ್ಳಿ ಬಿದ್ದಿರುವಾಗ ಮೇಲೆ ನಾನು ಟೈರಿಗೆ ಗಾಳಿ ಹಾಕಿಕೊಂಡು ಕೂತಿದ್ದೆನಲ್ಲ! ನನ್ನೊಳಗಿನ ಪುರಾತತ್ತ್ವಜ್ಞ ಮೈಮುರಿದು ಎದ್ದ. ಎದ್ದವನಿಗೆ ಬೇಕಾದದ್ದು ಒಂದು ಯಂತ್ರ.

ಆ ಚಳಿಗಾಲವಿಡೀ ನಾನು ಯಂತ್ರ ಆರಿಸಿದೆ. ಇಂಟರ್ನೆಟ್ಟಿನಲ್ಲಿ ಇಂಗ್ಲೆಂಡಿನ ನಿಧಿಶೋಧಕರು ಹಗಲೂ ಇರುಳೂ ಜಗಳವಾಡುವ ಕೂಟಗಳಿದ್ದವು, ಅವುಗಳಿಗೆಲ್ಲ ಸದಸ್ಯನಾದೆ. ಒಂದು ಜಾತಿಯ ಯಂತ್ರ ನಾಣ್ಯವನ್ನು ಚೆನ್ನಾಗಿ ಗುರುತಿಸುತ್ತದೆ, ಒದ್ದೆ ಮಣ್ಣು ಕಂಡರೆ ತಲೆ ಕೆಡಿಸಿಕೊಳ್ಳುತ್ತದೆ. ಇನ್ನೊಂದು ಪಾತಾಳದವರೆಗೆ ಇಣುಕುತ್ತದೆ, ಆದರೆ ಮೊಳೆಗೂ ಮುಕುಟಕ್ಕೂ ಒಂದೇ ರಾಗ ಹಾಡುತ್ತದೆ. ನೆಲದ ಮೇಲೆ ಆಡಿಸುವ ತಟ್ಟೆ ದೊಡ್ಡದಾದರೆ ಆಳದ ವಸ್ತು ಸಿಗುತ್ತದೆ, ಚಿಕ್ಕದಾದರೆ ಸಣ್ಣ ವಸ್ತು ತಪ್ಪುವುದಿಲ್ಲ. ಇವನ್ನೆಲ್ಲ ನಾನು ಊಟದ ಹೊತ್ತಿನಲ್ಲಿ ಮನೆಯವರಿಗೆ ವಿವರಿಸುತ್ತಿದ್ದೆ. ಜ್ಞಾನವನ್ನು ಒಬ್ಬನೇ ಇಟ್ಟುಕೊಳ್ಳುವ ಬುದ್ಧಿ ನನಗಿಲ್ಲ.

"ಎಲ್ಲಕ್ಕಿಂತ ಮುಖ್ಯವಾದ್ದು ಡಿಸ್ಕ್ರಿಮಿನೇಶನ್" ಎಂದೆ ಒಂದು ದಿನ, ಹುಳಿಯಲ್ಲಿ ಅನ್ನ ಕಲಸುತ್ತ. "ಅಂದ್ರೆ ಬೇಡದ್ದು ಕೇಳಿಸದ ಹಾಗೆ, ಬೇಕಾದ್ದು ಮಾತ್ರ ಕೇಳಿಸೋ ಹಾಗೆ ಮಾಡೋ ಶಕ್ತಿ."

"ಅದಕ್ಯಾಕ್ರೀ ಮೆಷಿನ್ನು? ನಿಮಗೆ ಹುಟ್ಟಿದಾಗಿಂದ್ಲೇ ಇದ್ಯಲ್ಲ" ಎಂದಳು ಪದ್ಮಿನಿ. "ಕಸ ಹಾಕ್ಬನ್ನಿ ಅಂತ ಕಿವಿ ಹತ್ರ ಕೂಗಿದ್ರೂ ಕೇಳಲ್ಲ. ಕಾಫಿ ಅಂತ ಅಡುಗೆಮನೇಲಿ ಪಿಸುಗುಟ್ಟಿದ್ರೂ ಓಡಿ ಬರ್ತೀರಿ."

ಮಗಳು ದಿಶಾಗೆ ಆಗ ಹದಿನಾಲ್ಕು. ಕನ್ನಡದಲ್ಲಿ ಕೇಳಿದರೆ ಸ್ವೀಡಿಷ್‌ನಲ್ಲಿ ಉತ್ತರ ಕೊಡುವ ವಯಸ್ಸು. ಅವಳು ತಟ್ಟೆಯಿಂದ ತಲೆ ಎತ್ತದೆ "ಪಿನ್‌ಸಾಮ್ಟ್" ಎಂದಳು. ನಾಚಿಕೆಗೇಡು ಎಂದು ಅರ್ಥ. ಆ ವರ್ಷ ನಮ್ಮ ಮನೆಯಲ್ಲಿ ಅತಿ ಹೆಚ್ಚು ಬಳಕೆಯಾದ ಸ್ವೀಡಿಷ್ ಪದ ಅದೇ, ಬಹುಪಾಲು ನನ್ನ ಮೇಲೆ.

ಬೆಂಬಲವೆಂದು ಇದ್ದವನು ಲಿಂಗರಾಜ ಒಬ್ಬನೇ. ಹುಬ್ಬಳ್ಳಿಯವನು, ನನ್ನದೇ ಆಫೀಸು. ನಮ್ಮ ನಡುವೆ ಜತನದಿಂದ ಬೆಂಗಳೂರಿನ ಕನ್ನಡ ಮಾತಾಡುತ್ತಾನೆ, ಉತ್ಸಾಹ ಬಂದರೆ ಮಾತ್ರ ಹುಬ್ಬಳ್ಳಿ ಹೊರಗೆ ಬಂದುಬಿಡುತ್ತದೆ. ಯಂತ್ರಗಳ ಚಿತ್ರ ತೋರಿಸಿದಾಗ, "ಸರ್, ಇದು ತುಂಬಾ ಚೆನ್ನಾಗಿದೆ" ಎಂದು ಆರಂಭಿಸಿದವನು, ವೈಕಿಂಗ್ ಬೆಳ್ಳಿಯ ವಿಷಯ ಬಂದ ಕೂಡಲೇ "ಅಯ್ಯ ಭಾಳ ಛಲೋ ಐತ್ರಿ! ತಗೊಂಡ್‌ಬಿಡ್ರಿ!" ಎಂದು ಕುರ್ಚಿಯಿಂದ ಎದ್ದು ನಿಂತ.

ಏಪ್ರಿಲ್‌ನಲ್ಲಿ ನಾನೂ ಪದ್ಮಿನಿಯೂ ರೈಲು ಹತ್ತಿ ಸ್ಟಾಕ್‌ಹೋಮಿಗೆ ಹೋದೆವು. ಯಂತ್ರಗಳನ್ನು ಮಾರುವ ಪುಟ್ಟ ಅಂಗಡಿ. ಮುದುಕ ಮಾಲೀಕ. ಪದ್ಮಿನಿ ಒಳಗೆ ಕಾಲಿಟ್ಟವಳೇ ಒಂದೊಂದೇ ಯಂತ್ರವನ್ನು ಪೊರಕೆ ಹಿಡಿದ ಹಾಗೆ ಹಿಡಿದು, ಆಚೆ ಈಚೆ ಬೀಸಿ ನೋಡಿ, ಹಳದಿ ಬಣ್ಣದ್ದೊಂದನ್ನು ಎತ್ತಿ ನನ್ನ ಕೈಗಿತ್ತಳು.

"ಇದು ತಗೊಳ್ಳಿ. ಹಗುರ ಇದೆ. ಮೂರೇ ಗುಂಡಿ ಇದೆ."

ನಾನು ಮುಗುಳ್ನಕ್ಕೆ. ಮಕ್ಕಳು ಗೊತ್ತಿಲ್ಲದೆ ಆಡಿದ ಮಾತಿಗೆ ಹಿರಿಯರು ನಗುತ್ತಾರಲ್ಲ, ಆ ನಗು. "ಪದ್ಮೀ, ಇದು ಆಟದ ಸಾಮಾನು. ಇದು ಕಿರುಚೋದು ಮಾತ್ರ ಗೊತ್ತಿರೋ ಯಂತ್ರ. ಸಿಕ್ಕಿದ್ದು ಏನು ಅಂತ ಹೇಳೋ ಬುದ್ಧಿ ಇಲ್ಲ."

"ತೆಗೆದು ನೋಡಿದ್ರೆ ಗೊತ್ತಾಗಲ್ವಾ?"

ಅಜ್ಞಾನಕ್ಕೆ ಉತ್ತರವಿಲ್ಲ. ನಾನು ಗಾಜಿನ ಕಪಾಟಿನಲ್ಲಿದ್ದ ಮಹಾಯಂತ್ರದ ಕಡೆ ಬೆರಳು ತೋರಿದೆ. ಅದಕ್ಕೆ ಪರದೆಯಿತ್ತು. ನೆಲದೊಳಗಿನ ಪ್ರತಿಯೊಂದು ಲೋಹಕ್ಕೂ ಒಂದೊಂದು ಅಂಕಿ ತೋರಿಸುತ್ತಿತ್ತು. ಬೇಡದ ಅಂಕಿಗಳನ್ನು ಆರಿಸಿ ಬಾಯಿ ಮುಚ್ಚಿಸಬಹುದಿತ್ತು. ಜೊತೆಗೆ ಬಂದ ಕೈಪಿಡಿ ನಮ್ಮ ಪಂಚಾಂಗಕ್ಕಿಂತ ದಪ್ಪ. ಅಂಗಡಿಯ ಮುದುಕ ಹಳದಿಯದೇ ಹೊಸಬರಿಗೆ ಸಾಕು ಎಂದು ಒಂದು ಮಾತು ಹೇಳಿದ. (ಪದ್ಮಿನಿಗೆ ಸ್ವೀಡಿಷ್ ಅಷ್ಟು ಚೆನ್ನಾಗಿ ಬರುವುದು ನನಗೆ ಕೆಲವೊಮ್ಮೆ ತೊಂದರೆ.) ಆದರೂ ನಾನು ಮಹಾಯಂತ್ರವನ್ನೇ ಕೊಂಡೆ. ಬೆಲೆ ಹೇಳುವುದಿಲ್ಲ. ಪದ್ಮಿನಿಗೂ ಹೇಳಿಲ್ಲ.

ಕಾರ್ಡು ಉಜ್ಜಿ, ಸಹಿ ಹಾಕಿ, ಪೆಟ್ಟಿಗೆ ಕಂಕುಳಿಗೆ ಬಂದ ಮೇಲೆ ಮುದುಕ ಕೇಳಿದ: "ಅನುಮತಿ ಇದೆಯಲ್ಲ?"

"ಯಾವ ಅನುಮತಿ?"

"ಬಳಸೋಕೆ. ಈ ದೇಶದಲ್ಲಿ ಅನುಮತಿ ಇಲ್ಲದೆ ಇದನ್ನ ಹೊರಗೆ ಬಳಸೋ ಹಾಗಿಲ್ಲ."

ಇಡೀ ಚಳಿಗಾಲ ನಾನು ಓದಿದ್ದು ಇಂಗ್ಲೆಂಡಿನವರ ಜಗಳ. ಸ್ವೀಡನ್ನಿನ ಕಾನೂನು ಓದುವುದು ಹೊಳೆದೇ ಇರಲಿಲ್ಲ. ವಾಪಸು ರೈಲಿನಲ್ಲಿ ಪೆಟ್ಟಿಗೆ ನಮ್ಮಿಬ್ಬರ ನಡುವೆ ಬೀಗರ ಹಾಗೆ ಕೂತಿತ್ತು. ಪದ್ಮಿನಿ ಕಿಟಕಿಯಾಚೆ ನೋಡುತ್ತಿದ್ದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಸಮಾಧಾನ ಮಾಡಲು ಬಗ್ಗಿದೆ. ನಗುತ್ತಿದ್ದಳು.

ಆದರೆ ನಾನು ಸುಲಭಕ್ಕೆ ಸೋಲುವವನಲ್ಲ. ಸೋಮವಾರ ಲೆನ್‌ಸ್ಟಿರೆಲ್ಸೆನ್‌ಗೆ (ನಮ್ಮ ಜಿಲ್ಲಾಧಿಕಾರಿ ಕಚೇರಿ ಇದ್ದ ಹಾಗೆ) ಫೋನ್ ಮಾಡಿದೆ. ಆನಿಕಾ ಎಂಬ ಅಧಿಕಾರಿ ಎತ್ತಿಕೊಂಡಳು. ಜೇನಿನಂಥ ದನಿ.

"ಎಲ್ಲಿ ಹುಡುಕಬೇಕು, ರಮಾನಂದ?"

"ಅನುಂಡ್ಸ್‌ಹೋಗ್ ಹತ್ತಿರ."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಗರ್ಭಗುಡಿಯೊಳಗೆ ಕ್ರಿಕೆಟ್ ಆಡಬಹುದೇ ಎಂದು ಅರ್ಚಕರನ್ನು ಕೇಳಿದ್ದರೆ ಅಷ್ಟೇ ಸದ್ದಿಲ್ಲದಿರುತ್ತಿತ್ತು.

"ಏನು ಹುಡುಕಬೇಕು?"

"ಹಳೆಯ ವಸ್ತುಗಳು. ಐತಿಹಾಸಿಕ."

"ಹಳೆಯ ವಸ್ತು ಹುಡುಕೋದು ಮ್ಯೂಸಿಯಮ್ಮಿನವರ ಕೆಲಸ. ನಿಮಗೆ ಆ ಅನುಮತಿ ಸಿಗಲ್ಲ. ಹಳೆಯದಲ್ಲದ ವಸ್ತು ಹುಡುಕೋದಾದರೆ ಖಂಡಿತ ಅರ್ಜಿ ಹಾಕಿ, ನೋಡ್ತೀವಿ. ನಿಮ್ಮದೇ ಏನಾದರೂ ಕಳೆದಿದೆಯಾ?"

ತಾಳ್ಮೆ, ದುಡ್ಡು, ಮನೆಯಲ್ಲಿನ ಮರ್ಯಾದೆ ಎಂದು ಹೇಳಬೇಕೆನಿಸಿತು. ಇಲ್ಲ ಎಂದು ಫೋನ್ ಇಟ್ಟೆ.

ಹೀಗೆ ಮಹಾಯಂತ್ರ ಬೀರುವಿನಲ್ಲಿ ಚಳಿಗಾಲದ ಕೋಟುಗಳ ಹಿಂದೆ ಅಜ್ಞಾತವಾಸಕ್ಕೆ ಹೋಯಿತು. ಆದರೂ ಮನೆಯೊಳಗೆ ಅಭ್ಯಾಸ ಮಾಡಿದರೆ ಅಪರಾಧವಾಗದು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು, ಶನಿವಾರ ಬೆಳಿಗ್ಗೆ ಹೊರತೆಗೆದೆ. ನಮ್ಮದು ಕಾಂಕ್ರೀಟಿನ ಅಪಾರ್ಟ್‌ಮೆಂಟು. ನೆಲದೊಳಗಿನ ಕಂಬಿಗಳಿಗೆಲ್ಲ ಯಂತ್ರ ಒಕ್ಕೊರಲಿನಿಂದ ಕೂಗಿತು. ಕಬ್ಬಿಣದ ಅಂಕಿಗಳ ಬಾಯಿ ಮುಚ್ಚಿಸಿ, ಹೆಡ್‌ಫೋನು ಹಾಕಿಕೊಂಡು, ಹಜಾರ ದಾಟಿ ಅಡುಗೆಮನೆಗೆ ಬಂದೆ. ಪ್ಲಾಸ್ಟಿಕ್ಕಿನ ಅಕ್ಕಿ ಡ್ರಮ್ಮಿನ ಬಳಿ ಯಂತ್ರ ಇಂಪಾಗಿ ಹಾಡಿತು. ಅಕ್ಕಿಯಲ್ಲಿ ಲೋಹವೇ? ಮೊಣಕೈವರೆಗೆ ಕೈಯಿಳಿಸಿ ಉತ್ಖನನ ನಡೆಸಿದೆ. ಅಲ್ಯೂಮಿನಿಯಂ ಡಬ್ಬಿ. ಒಳಗೆ ಕೊಬ್ಬರಿ ಮಿಠಾಯಿ.

ಹಿನ್ನೆಲೆ ಹೇಳಬೇಕು. ಡಾಕ್ಟರು ನನಗೆ ಸಿಹಿ ಬಿಡಿ ಎಂದಿದ್ದರು. ಮನೆಯಲ್ಲಿ ಯಾರೂ ಸಿಹಿ ಮಾಡುತ್ತಿಲ್ಲ, ಎಲ್ಲರೂ ನನ್ನ ಜೊತೆ ವ್ರತದಲ್ಲಿದ್ದಾರೆ ಎಂದು ನಾನು ನಂಬಿದ್ದೆ.

"ಪದ್ಮೀ, ಇದು ಯಾವ ಕಾಲದ್ದು?" ಎಂದು ಡಬ್ಬಿ ಎತ್ತಿ ಹಿಡಿದೆ.

ಅವಳು ಒಂದು ಕ್ಷಣವೂ ತಡವರಿಸಲಿಲ್ಲ. "ಹೋದ ವಾರದ್ದು. ಅಲ್ಲೇ ಇಡಿ. ಹಳೆ ವಸ್ತು ಮುಟ್ಟೋಕೆ ನಿಮಗೆ ಪರ್ಮಿಷನ್ ಇಲ್ಲ, ಹೊಸ ವಸ್ತು ತಿನ್ನೋಕೆ ಡಾಕ್ಟರು ಬಿಟ್ಟಿಲ್ಲ."

ಅಂದಿನಿಂದ ಮಿಠಾಯಿ ಪ್ಲಾಸ್ಟಿಕ್ ಡಬ್ಬಿಗೆ ವರ್ಗವಾಯಿತು. ಎಲ್ಲಿದೆಯೋ ಯಂತ್ರಕ್ಕೂ ಗೊತ್ತಾಗಲಿಲ್ಲ.

ಜೂನ್ ಬಂತು. ಒಂದು ಭಾನುವಾರ ನಮ್ಮೂರಿನ ಕನ್ನಡದ ಕುಟುಂಬಗಳೆಲ್ಲ ಸೇರಿ ಸರೋವರದ ದಂಡೆಯ ಹುಲ್ಲುಗಾವಲಿಗೆ ಪಿಕ್‌ನಿಕ್ ಹೋದೆವು. ಹಿಂದಿನ ದಿನ ಮಳೆ ಬಂದಿತ್ತು, ನೆಲ ಮೆತ್ತಗಿತ್ತು. ಪುಳಿಯೋಗರೆ, ಮೊಸರನ್ನ, ಆಮೇಲೆ ಲಗೋರಿ. ನಾನೂ ಆಡಿದೆ. (ಆಡಿದೆ ಎನ್ನುವುದಕ್ಕಿಂತ, ಚೆಂಡಿಗೆ ಬೆನ್ನು ಒದಗಿಸಿದೆ ಎನ್ನಬಹುದು.) ಆಟ ಮುಗಿದು ಚಾಪೆ ಮಡಚುವಾಗ ಲಿಂಗರಾಜನ ಹೆಂಡತಿ ಜಾನಕಿ ಕಿವಿ ಮುಟ್ಟಿ ನೋಡಿಕೊಂಡು ಹಾಗೇ ಕುಸಿದು ಕೂತಳು. ಬಲಗಿವಿಯ ಬೆಂಡೋಲೆ ಇಲ್ಲ.

ಏಳು ಕಲ್ಲಿನ ಬೆಂಡೋಲೆ. ಎಲ್ಲರೂ ಮಂಡಿಯೂರಿ ಹುಲ್ಲನ್ನು ಕೈಯಲ್ಲಿ ಬಾಚಿದೆವು. ಸಿಗಲಿಲ್ಲ. ಜಾನಕಿ ಪದ್ಮಿನಿಯ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ದುಃಖದಲ್ಲಿ ಅವಳ ಬೆಂಗಳೂರು ಕನ್ನಡ ಪೂರ್ತಿ ಕರಗಿಹೋಗಿತ್ತು.

"ಅಕ್ಕಾರ, ಅದು ನಮ್ಮತ್ತಿ ಮದುವಿಯೊಳಗ ತಮ್ಮ ಕಿವಿಯಿಂದ ತಗದು ನನಗ ಹಾಕಿದ್ದು. ಈ ತಿಂಗಳ ಕಡೀಕ ಅವರು ಬರಾಕತ್ತಾರ. ವಿಮಾನ ಇಳದ ಕೂಡ್ಲೇ ಮದ್ಲ ನನ್ನ ಕಿವಿ ನೋಡ್ತಾರ, ಆಮ್ಯಾಲ ಮಾರಿ ನೋಡ್ತಾರ."

ಲಿಂಗರಾಜ ನನ್ನ ಕಡೆ ತಿರುಗಿದ. ಪದ್ಮಿನಿಯೂ ತಿರುಗಿದಳು. ದಿಶಾ ಕೂಡ. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಸಮೂಹ ನನ್ನನ್ನು ಆಸೆಯಿಂದ ನೋಡಿತು.

"ರೀ, ನಿಮ್ಮ ಮೆಷಿನ್ನು" ಎಂದಳು ಪದ್ಮಿನಿ. ಈ ಮೂರು ಪದಗಳನ್ನು ಅವಳು ಅಷ್ಟು ಗೌರವದಿಂದ ಹೇಳಿದ್ದು ಅದೇ ಮೊದಲು, ಅದೇ ಕೊನೆ.

ಮತ್ತೆ ಆನಿಕಾಗೆ ಫೋನ್. ಸ್ಪೀಕರ್ ಹಾಕಿಕೊಂಡಿದ್ದೆ, ಪಕ್ಕದಲ್ಲಿ ಪದ್ಮಿನಿ, ಆಚೆ ಪಕ್ಕದಲ್ಲಿ ಜಾನಕಿ. ಹೆಸರು ಹೇಳಿದ ಕೂಡಲೇ, "ಅನುಂಡ್ಸ್‌ಹೋಗ್ ರಮಾನಂದ!" ಎಂದು ಗುರುತು ಹಿಡಿದಳು. ವಿಷಯ ಹೇಳಿದೆ. ಅವಳಿಗೆ ನಿಜವಾಗಿಯೂ ಸಂತೋಷವಾಯಿತು.

"ಹಾಗಾದರೆ ಇದು ಹಳೆಯ ವಸ್ತು ಅಲ್ಲ ತಾನೆ?"

ಎಂಜಿನಿಯರನ ನಾಲಗೆಗೆ ಸುಳ್ಳು ಬರುವುದಿಲ್ಲ. "ವಾಸ್ತವವಾಗಿ ಅದು ಅವರ ಅತ್ತೆಯ ಅಜ್ಜಿಯ ಕಾಲದಿಂದ..." ಎಂದು ಆರಂಭಿಸಿದೆ. ಪದ್ಮಿನಿ ನನ್ನ ತೊಡೆ ಚಿವುಟಿದಳು.

"ಹೊಸ್ದು ಅನ್ರೀ!"

"ಹೊಸದು" ಎಂದೆ, ಕಣ್ಣಲ್ಲಿ ನೀರು ತುಂಬಿಕೊಂಡು.

"ಪಾಪ, ನಿಮಗೆ ತುಂಬಾ ದುಃಖವಾಗಿದೆ" ಎಂದಳು ಆನಿಕಾ, ಮೃದುವಾಗಿ. "ಬೇಗ ಮಾಡಿಕೊಡ್ತೀನಿ."

ಮಾಡಿಕೊಟ್ಟಳು. ಜಾಗ ಕಮ್ಯೂನಿನದು, ಅವರೂ ಒಪ್ಪಿದರು. ಮುಂದಿನ ಶನಿವಾರ ಬೆಳಿಗ್ಗೆ, ಪಿಕ್‌ನಿಕ್‌ಗೆ ಬಂದಿದ್ದ ಅಷ್ಟೂ ಜನ ಮತ್ತೆ ಅದೇ ದಂಡೆಗೆ ಬಂದರು, ಈ ಸಲ ಇಡ್ಲಿ ತೆಗೆದುಕೊಂಡು. ನಾನು ಹತ್ತು ಜೇಬಿನ ಅಂಗಿ ತೊಟ್ಟೆ. ಬಾಲ್ಕನಿಯಲ್ಲಿದ್ದ ನನ್ನ ಬೆಟ್ಟ ಹತ್ತುವ ಶೂ ಹಾಕಿಕೊಂಡೆ. ಪಿಕ್‌ನಿಕ್ಕಿನ ಮಣ್ಣು ಮೆತ್ತಿದೆ ಎಂದು ಪದ್ಮಿನಿ ಅವನ್ನು ಆ ಭಾನುವಾರದಿಂದ ಒಳಗೆ ಬಿಟ್ಟುಕೊಂಡಿರಲಿಲ್ಲ. ಆ ಶೂ ಆರಿಸಲೂ ನಾನು ಒಂದು ಋತುವನ್ನೇ ವ್ಯಯಿಸಿದ್ದೆ. ಲೋಹಶೋಧ ಮಾಡುವವನ ಶೂನಲ್ಲಿ ಲೋಹವಿರಬಾರದೆಂಬುದು ಶಾಸ್ತ್ರ. ದಾರದ ಕಣ್ಣುಗಳು ಸಹ ಪ್ಲಾಸ್ಟಿಕ್ಕಿನವು.

ಹಗ್ಗ ಕಟ್ಟಿ ನೆಲವನ್ನು ಪಟ್ಟಿಗಳಾಗಿ ಭಾಗ ಮಾಡಿಸಿದೆ. ಹೆಡ್‌ಫೋನು ಏರಿಸಿದೆ. ಯಂತ್ರ ಕೂಗಿತು. ಅಗೆದೆ. ಬಿಯರ್ ಬಾಟಲಿಯ ಮುಚ್ಚಳ. ಮತ್ತೆ ಕೂಗಿತು. ಟೆಂಟಿನ ಗೂಟ. ಮತ್ತೆ. ಒಂದು ಫೋರ್ಕು. ಪ್ರತಿ ಸಲವೂ ಜಾನಕಿ ಓಡಿ ಬರುವುದು, ನೋಡಿ ತಲೆ ತಗ್ಗಿಸಿ ಹೋಗುವುದು. ಇದನ್ನು ನೋಡಲಾರದೆ ಮುಚ್ಚಳಗಳ ಅಂಕಿಗೆ ಬಾಯಿ ಮುಚ್ಚಿಸಿದೆ.

ಆಮೇಲೆ ಒಂದು ವಿಚಿತ್ರ ಆರಂಭವಾಯಿತು. ತಟ್ಟೆ ನನ್ನ ಬಲಗಡೆಗೆ ಬಂದಾಗಲೆಲ್ಲ ಯಂತ್ರ ಸಣ್ಣಗೆ ಕುಂಯ್ ಎನ್ನುತ್ತಿತ್ತು. ನಿಂತ ಜಾಗದಿಂದ ಸರಿದು ಅಗೆದೆ, ಏನಿಲ್ಲ. ಎರಡು ಹೆಜ್ಜೆ ಮುಂದೆ ಹೋದೆ, ಮತ್ತೆ ಬಲಗಡೆ ಕುಂಯ್. ಸರಿದು ಅಗೆದೆ, ಏನಿಲ್ಲ. ಹುಲ್ಲುಗಾವಲಿನಲ್ಲಿ ನನ್ನ ಹಿಂದೆ ಹೆಗ್ಗಣ ಓಡಾಡಿದಂತೆ ಸಾಲಾಗಿ ಗುಂಡಿಗಳಾದವು. ಲಿಂಗರಾಜ ಅವನ್ನು ಮುಚ್ಚುತ್ತ ಬರುತ್ತಿದ್ದ.

"ಸರ್, ಏನಾಗ್ತಿದೆ?"

"ಘೋಸ್ಟ್ ಸಿಗ್ನಲ್" ಎಂದೆ ಗಂಭೀರವಾಗಿ. "ಮುಂದುವರಿದ ಯಂತ್ರಗಳಲ್ಲಿ ಹೀಗಾಗತ್ತೆ. ಅಂಕಿ ನೋಡಿದ್ರೆ ಚಾಕ್ಲೇಟ್ ಸುತ್ತೋ ಬೇಗಡೆ ಥರ ಇದೆ. ಆ ಅಂಕೀನೂ ಮುಚ್ಚಿಸ್ತೀನಿ."

ಮುಚ್ಚಿಸಿದೆ. ಪರಮಶಾಂತಿ ನೆಲಸಿತು. ಪಟ್ಟಿ ಬಿಟ್ಟು ಪಟ್ಟಿ, ಮೌನವಾಗಿ, ಋಷಿಯಂತೆ ನಡೆದೆ. ಮಧ್ಯಾಹ್ನದ ಹೊತ್ತಿಗೆ ಕೊನೆಯ ಪಟ್ಟಿಯೂ ಮುಗಿಯಿತು. ಹೆಡ್‌ಫೋನು ತೆಗೆದು, ಎಲ್ಲರ ಮುಂದೆ ನಿಂತು ಘೋಷಿಸಿದೆ: "ಬೆಂಡೋಲೆ ಈ ನೆಲದಲ್ಲಿಲ್ಲ. ಇದು ವೈಜ್ಞಾನಿಕವಾಗಿ ಸಿದ್ಧವಾಗಿದೆ."

ಜಾನಕಿ ಮುಖಕ್ಕೆ ಸೆರಗು ಒತ್ತಿಕೊಂಡಳು. ಲಿಂಗರಾಜ ಸಲಿಕೆ ಕೆಳಗಿಟ್ಟ. ನನಗೂ, ಇಷ್ಟು ಆರಿಸಿ ತಂದ ಯಂತ್ರ, ಒಬ್ಬರ ಕಷ್ಟಕ್ಕೆ ಆಗಲಿಲ್ಲವಲ್ಲ ಎಂದು ನಿಜವಾಗಿಯೂ ದುಃಖವಾಗಿ, ಮಡಚುವ ಕುರ್ಚಿಯ ಮೇಲೆ ಕೂತು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡೆ.

ಅಷ್ಟರಲ್ಲಿ ಪದ್ಮಿನಿ ಯಂತ್ರವನ್ನು ಎತ್ತಿಕೊಂಡಿದ್ದಳು.

"ಅದನ್ನ ಮುಟ್ಟಬೇಡ! ಸೆಟಿಂಗ್ ಹೋಗತ್ತೆ!"

"ಹೋಗ್ಲಿ ಬಿಡಿ. ಇದ್ದು ಏನು ಮಾಡ್ತು?" ಎಂದು ಕೈಗೆ ಸಿಕ್ಕಿದ ಗುಂಡಿಯೊಂದನ್ನು ಒತ್ತಿ ಹಿಡಿದಳು. ಪರದೆ ಆರಿ, ಹೊತ್ತಿ, ಎರಡು ತಿಂಗಳಲ್ಲಿ ನಾನು ಕಲಿಸಿದ ಸಕಲ ವಿದ್ಯೆಯನ್ನೂ ಮರೆತು, ಯಂತ್ರ ಅಂಗಡಿಯಿಂದ ಬಂದ ದಿನದ ಹಸುಗೂಸಾಯಿತು. ಅವಳು ಅದನ್ನು ನೆಲಕ್ಕೆ ಹಚ್ಚಿ, ಮನೆ ಒರೆಸುವ ಕೋಲಿನ ಹಾಗೆ, ಒಂದು ಬೀಸಿನ ಮೇಲೆ ಇನ್ನೊಂದು ಬೀಸು ಬೀಳುವಂತೆ ನಿಧಾನವಾಗಿ ಆಡಿಸುತ್ತ ಬಂದಳು. ನನ್ನ ಕುರ್ಚಿಯವರೆಗೂ ಬಂದಳು.

ಕುಂಯ್.

"ಕಾಲೆತ್ತಿ" ಎಂದಳು.

"ಪದ್ಮೀ, ಅದು ಘೋಸ್ಟ್ ಸಿಗ್ನಲ್ಲು. ಬೆಳಗಿನಿಂದ..."

"ಕಾಲೆತ್ತಿ ಅಂದೆ."

ಭಾನುವಾರ ಪೇಪರ್ ಓದುವಾಗ ಎತ್ತುವ ಅಭ್ಯಾಸವಿದ್ದ ಕಾಲುಗಳು ತಾವಾಗಿಯೇ ಮೇಲೆದ್ದವು. ಅವಳು ಕೆಳಗೆ ಒರೆಸಿದಳು. ಸದ್ದಿಲ್ಲ. ಕಾಲು ಇಳಿಸಿದೆ. ಕುಂಯ್. ಎತ್ತಿದೆ. ಸದ್ದಿಲ್ಲ. ಪದ್ಮಿನಿ ಯಂತ್ರವನ್ನೇ ಮೇಲಕ್ಕೆತ್ತಿ ನನ್ನ ಬಲಗಾಲಿಗೆ ಹಿಡಿದಳು. ಯಂತ್ರ ಬಾಯಿಬಿಟ್ಟು ಅತ್ತಿತು.

"ಬಿಚ್ಚಿ."

ಸುತ್ತ ಜನ ಸೇರಿದರು. ಪದ್ಮಿನಿ ಇಡ್ಲಿಯ ಚಮಚದಿಂದ ಶೂನ ಅಡಿಯ ಆಳವಾದ ಸಂದುಗಳಲ್ಲಿ ತುಂಬಿ ಒಣಗಿದ್ದ ಮಣ್ಣನ್ನು ಕೆರೆದಳು. ಒಂದು ಹೆಂಟೆ ಬಿತ್ತು. ಇನ್ನೊಂದು ಹೆಂಟೆ ಬಿತ್ತು. ಅದರೊಳಗಿನಿಂದ ಏಳು ಕಲ್ಲುಗಳು ಬಿಸಿಲಿಗೆ ಕಣ್ಣು ಬಿಟ್ಟವು.

ಲಗೋರಿಯ ದಿನ ನಾನೇ ತುಳಿದಿದ್ದೆ. ತುಳಿದು, ಮನೆಗೆ ಕೊಂಡೊಯ್ದು, ಒಂದು ವಾರ ಬಾಲ್ಕನಿಯಲ್ಲಿಟ್ಟು, ಸರ್ಕಾರದ ಅನುಮತಿ ಪಡೆದು, ಅದನ್ನೇ ಕಾಲಿಗೆ ಹಾಕಿಕೊಂಡು ಬಂದು ಅದನ್ನು ಹುಡುಕಿದ್ದೆ.

ಜಾನಕಿ ಬೆಂಡೋಲೆಯನ್ನು ಕಣ್ಣಿಗೊತ್ತಿಕೊಂಡು ಅಳುತ್ತಲೇ ನಗಲು ಶುರುಮಾಡಿದಳು. ತಿರುಪು ಕೊಂಚ ಬಾಗಿತ್ತು, ಕಲ್ಲು ಏಳೂ ಭದ್ರವಾಗಿದ್ದವು. ಲಿಂಗರಾಜ ನನ್ನ ಬೆನ್ನು ತಟ್ಟಿದ: "ಸರ್, ಇದಕ್ಕ ಸಂಶೋಧನೆ ಅನ್ನಂಗಿಲ್ರಿ. ಸಂ‘ಶೂ’ಧನೆ ಅನ್ಬೇಕು!" ದಿಶಾ ನಕ್ಕು ನಕ್ಕು ಹುಲ್ಲಿನ ಮೇಲೆ ಉರುಳಿದಳು. ಅವಳ ಬಾಯಲ್ಲಿ ಅಂದು ಬಂದದ್ದು ಅಪ್ಪಟ ಕನ್ನಡ: "ಅಪ್ಪಾ, ನೀನೊಂದು..." ಮುಂದಿನದ್ದು ಬೇಡ.

ತಿಂಗಳ ಕೊನೆಗೆ ಜಾನಕಿಯ ಅತ್ತೆ ಬಂದರು. ಮೊದಲು ಕಿವಿ ನೋಡಿದರು, ಆಮೇಲೆ ಮುಖ ನೋಡಿದರು, ಎರಡೂ ಚೆನ್ನಾಗಿದ್ದವು ಎಂದು ವರದಿ. ಊರಿಗೆಲ್ಲ ಸುದ್ದಿ ಹಬ್ಬಿ, ಯಾರದೇ ಉಂಗುರ, ಬೀಗದ ಕೈ ಕಳೆದರೂ "ಪದ್ಮಿನಿ ಅವರಿದ್ದಾರಾ?" ಎಂದು ಫೋನು ಬರಲು ಶುರುವಾಯಿತು. ಎತ್ತುವವನು ನಾನು.

ಇದೆಲ್ಲ ಒಂದು ಹಂತಕ್ಕೆ ಬಂತು ಎಂದುಕೊಳ್ಳುವಾಗ ಆನಿಕಾ ಕರೆ ಮಾಡಿದಳು. ಹುಡುಕಾಟದ ಫಲಿತಾಂಶವನ್ನು ಅವರು ದಾಖಲಿಸಿಕೊಳ್ಳಬೇಕಂತೆ.

"ಸಿಕ್ಕಿತಾ, ರಮಾನಂದ?"

"ಸಿಕ್ಕಿತು."

"ಎಷ್ಟು ಸಂತೋಷ! ಅಂದಹಾಗೆ, ಯಂತ್ರ ಬಳಸಿದ್ದು ನೀವೇ ತಾನೆ? ಅನುಮತಿ ನಿಮ್ಮೊಬ್ಬರ ಹೆಸರಿಗೆ ಮಾತ್ರ ಇರೋದು. ಬೇರೆ ಯಾರಾದರೂ ಬಳಸಿದ್ದರೆ ಅದು ಕಾನೂನಿಗೆ ವಿರುದ್ಧ."

ಎದುರಿಗೆ ಪದ್ಮಿನಿ ಬೀನ್ಸ್ ಬಿಡಿಸುತ್ತ ಕೂತಿದ್ದಳು. ಸ್ಪೀಕರಿನಲ್ಲಿ ಅವಳಿಗೂ ಕೇಳಿಸಿತು. ಬೀನ್ಸು ಕೈಯಲ್ಲೇ ನಿಂತಿತು. ಅವಳು ನನ್ನನ್ನು ನೋಡಿದಳು. ಬಸವನಗುಡಿಯ ಉಪ್ಪಿಟ್ಟಿನ ದಿನ ಬಿಟ್ಟರೆ, ನನ್ನ ಉತ್ತರಕ್ಕಾಗಿ ಅವಳು ಅಷ್ಟು ಕಾತರದಿಂದ ಕಾದದ್ದನ್ನು ನಾನು ಕಂಡಿಲ್ಲ.

"ನಾನೇ" ಎಂದೆ. "ನಾನೇ ಕಂಡುಹಿಡಿದೆ."

"ಅನುಮತಿ ಕೊಟ್ಟ ಜಾಗದ ಒಳಗೇ ಸಿಕ್ಕಿತಲ್ಲ?"

"ಹೌದು... ಸಿಕ್ಕ ಹೊತ್ತಿನಲ್ಲಿ ಅದು ಆ ಜಾಗದ ಒಳಗೇ ಇತ್ತು."

"ನಿಖರವಾಗಿ ಎಲ್ಲಿ? ನಕ್ಷೆಯಲ್ಲಿ ಗುರುತು ಹಾಕಬೇಕು."

ಪದ್ಮಿನಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ನನ್ನ ಶೂನ ಕೆಳಗೆ."

"ಶೂನ ಕೆಳಗೆ, ಅಂದರೆ ನೆಲದಲ್ಲಿ?"

"ಅಲ್ಲ. ಶೂನಲ್ಲಿ."

ಆ ಕಡೆ ಮತ್ತೆ ಗರ್ಭಗುಡಿಯ ನಿಶ್ಶಬ್ದ. ಆಮೇಲೆ ಆನಿಕಾ ಬಹಳ ಪ್ರಯತ್ನಪಟ್ಟು ಗಂಭೀರವಾಗಿಯೇ ಕೇಳಿದಳು:

"ಎಡದ್ದೋ, ಬಲದ್ದೋ?"

"ಬಲದ್ದು" ಎಂದೆ.

ಕೀಬೋರ್ಡಿನ ಮೇಲೆ ಟಕಟಕನೆ ಬೆರಳಾಡಿದ ಸದ್ದು ಕೇಳಿಸಿತು. ಸ್ವೀಡನ್ ದೇಶದ ಸರ್ಕಾರಿ ದಾಖಲೆಗೆ ನಾನು ಶಾಶ್ವತವಾಗಿ ಸೇರಿಹೋದೆ.